ಹೆಣ್ಣುಮಕ್ಕಳಿಗೆ ದೀರ್ಘ ಕ್ರಿಕೆಟ್ ಪಂದ್ಯವು ಬೇಡವೇ?

ಕ್ರಿಕೆಟ್ ಆಟದ ಮುಂದಿನ ಗತಿಯೇನೆಂಬ ಪ್ರಶ್ನೆಯನ್ನು ಈಗ ಎಲ್ಲೆಲ್ಲಿಯೂ ಕೇಳುತ್ತಿದ್ದೇವೆ. ಐದು ದಿನಗಳ ಟೆಸ್ಟ್ ಪಂದ್ಯವು ಉಳಿಯುವುದೇ, ಐವತ್ತು ಓವರುಗಳ ಪಂದ್ಯಕ್ಕೆ ಇನ್ನು ಸ್ಥಳವುಂಟೇ, ಇಪ್ಪತ್ತು ಓವರುಗಳ ಪಂದ್ಯವು ಇವೆರಡನ್ನೂ ನುಂಗಿಬಿಡುವುದೇ ಎಂದು ಬಸವನಗುಡಿಯ ಹೋಟೆಲುಗಳಲ್ಲಿಯೂ ಮಲ್ಲೇಶ್ವರದ ಮನೆಗಳ ಜಗಲಿಗಳಲ್ಲಿಯೂ ಚರ್ಚೆ ನಡೆಯುವುದುಂಟು. ಆದರೆ ಈ ಚರ್ಚೆ ಮಾಡುವವರ ಮನಸ್ಸಿನಲ್ಲಿರುವುದು ಗಂಡಸರ ಆಟವೊಂದೇ. ಹೆಣ್ಣುಮಕ್ಕಳ ಆಟದ ವಿಷಯದಲ್ಲಿ ಇದೇ ಪ್ರಶ್ನೆಗೆ ಚರ್ಚೆಯಿಲ್ಲದೆಯೇ ಉತ್ತರವು ದೊರೆತುಬಿಟ್ಟಂತಿದೆ. ಅವರಿಗೆ ಚಿಕ್ಕ ಪಂದ್ಯವು ಸಾಕೆಂಬುದೇ ಆ ಉತ್ತರ. ಬಾಲಿಕೆಯರ ಶಾಲೆಯೊಂದರ ಸಂಚಿಕೆಯಲ್ಲಿ ಈ ಉತ್ತರವನ್ನು ಒರೆಗೆ ಹಚ್ಚಿ ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಆಟವನ್ನು ಅಷ್ಟಾಗಿ ಅರಿಯದ ವಾಚಕರಿಗಾಗಿ ಮೊದಲು ಎರಡು ಮಾತು. ಇಪ್ಪತ್ತು ಓವರುಗಳ ಪಂದ್ಯದಲ್ಲಿ ಒಂದೊಂದು ಪಕ್ಷಕ್ಕೂ 120 ಎಸೆತಗಳು ದೊರೆಯುತ್ತವೆ. ಮೂರು ನಾಲ್ಕು ಗಂಟೆಗಳೊಳಗೆ ಎಲ್ಲವೂ ತೀರಿಹೋಗುತ್ತದೆ. ಐವತ್ತು ಓವರುಗಳ ಪಂದ್ಯದಲ್ಲಿ 300 ಎಸೆತಗಳುಂಟು. ಅದಕ್ಕೆ ಒಂದು ದಿನವೆಲ್ಲ ಬೇಕು. ಟೆಸ್ಟ್ ಪಂದ್ಯದಲ್ಲಾದರೋ ಎರಡು ಪಕ್ಷಗಳಿಗೂ ಎರಡೆರಡು ಸರದಿಗಳು. ಅಲ್ಲಿ ಸರದಿಗೆ ಇಷ್ಟೇ ಎಸೆತಗಳೆಂಬ ಕಟ್ಟಿಲ್ಲ. ದಿನಗಳಿಗೆ ಮಾತ್ರ ಮಿತಿಯುಂಟು. ಮೊದಲೆರಡು ಬಗೆಗಳಲ್ಲಿ ಓವರುಗಳು ಮುಗಿದವೆಂದರೆ ಸರದಿಯೂ ಮುಗಿಯಿತು. ದೀರ್ಘ ಪಂದ್ಯದಲ್ಲಿ ಎದುರು ಪಕ್ಷದವರು ತಾವಾಗಿಯೇ ಸರದಿಯನ್ನು ನಿಲ್ಲಿಸಿದರೆ ಹೊರತು, ಅವರೆಲ್ಲರನ್ನೂ ಔಟು ಮಾಡದೆ ಗೆಲುವು ಕೈಗೆ ಬಾರದು. ಈ ಒಂದು ಭೇದದಿಂದಲೇ ಆಟದ ಸ್ವಭಾವವೆಲ್ಲ ಬೇರೆಯಾಗುತ್ತದೆ.

ಚಿಕ್ಕ ಪಂದ್ಯಗಳ ವಿಷಯದಲ್ಲಿ ಹೆಂಗಸರು ಹಿಂದುಳಿದವರೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಗಂಡಸರ ಮೊದಲನೆಯ ವಿಶ್ವಕಪ್ ಪಂದ್ಯಾವಳಿಯು ನಡೆದದ್ದು 1975ರಲ್ಲಿ. ಹೆಂಗಸರದು ಅದಕ್ಕೂ ಎರಡು ವರ್ಷ ಮುಂಚೆ, 1973ರಲ್ಲಿ, ಇಂಗ್ಲೆಂಡಿನಲ್ಲಿ ನಡೆಯಿತು. ರೇಚಲ್ ಹೇಹೋ ಫ್ಲಿಂಟರ ನಾಯಕತ್ವದ ಇಂಗ್ಲೆಂಡ್ ತಂಡವು ಅದನ್ನು ಗೆದ್ದುಕೊಂಡಿತು. ಇಪ್ಪತ್ತು ಓವರುಗಳ ಅಂತರರಾಷ್ಟ್ರೀಯ ಪಂದ್ಯವನ್ನು ಮೊಟ್ಟಮೊದಲು ಆಡಿದವರೂ ಹೆಂಗಸರೇ. 2004ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ತಂಡಗಳು ಹೋವ್ ಪಟ್ಟಣದಲ್ಲಿ ಅದನ್ನು ಆಡಿದವು; ಗಂಡಸರು ಅಂಥ ಪಂದ್ಯವನ್ನು ಆಡಿದ್ದು ಮರುವರ್ಷದ ಫೆಬ್ರವರಿಯಲ್ಲಿ. ಹೊಸ ಬಗೆಯ ಪಂದ್ಯವೊಂದನ್ನು ಆಡಿ ನೋಡಬೇಕಾದಾಗಲೆಲ್ಲ ಹೆಂಗಸರಿಗೆ ಎಡೆ ಸಿಕ್ಕಿತೆಂದಾಯಿತು. ಎಡೆ ತಪ್ಪಿದ್ದು ಹಳೆಯ ಬಗೆಯಲ್ಲಿ. ಹೆಂಗಸರ ಮೊದಲನೆಯ ಟೆಸ್ಟ್ ಪಂದ್ಯವು 1934ನೆಯ ಇಸವಿಯ ಡಿಸೆಂಬರಿನಲ್ಲಿ ಬ್ರಿಸ್ಬೇನ್ ನಗರದಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾಗಳ ನಡುವೆ ನಡೆಯಿತು. ಅಂದಿನಿಂದ ಈ ತೊಂಬತ್ತು ವರ್ಷಗಳಲ್ಲಿ ಲೋಕದ ಹೆಂಗಸರೆಲ್ಲ ಕೂಡಿ ಆಡಿದ ಟೆಸ್ಟ್ ಪಂದ್ಯಗಳು ಸುಮಾರು ನೂರೈವತ್ತು ಮಾತ್ರ. ಗಂಡಸರು ಆಡಿರುವವು ಎರಡೂವರೆ ಸಾವಿರಕ್ಕೂ ಮಿಕ್ಕಿವೆ.

ಈ ಕಥೆಯಲ್ಲಿ ನಮ್ಮ ಊರಿಗೆ ವಿಶೇಷವಾದ ಭಾಗವುಂಟು. ಭಾರತದ ಹೆಂಗಸರು ತಮ್ಮ ಮೊಟ್ಟಮೊದಲನೆಯ ಟೆಸ್ಟ್ ಪಂದ್ಯವನ್ನು ಆಡಿದ್ದು ಬೆಂಗಳೂರಿನಲ್ಲಿಯೇ. 1976ನೆಯ ಇಸವಿ ಅಕ್ಟೋಬರ್ 31ರಂದು ವೆಸ್ಟ್ ಇಂಡೀಸ್ ತಂಡದ ಎದುರಿಗೆ ಅವರು ಕಣಕ್ಕಿಳಿದರು. ತಂಡದ ನಾಯಕಿ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು. ಮೂರು ದಿನ ನಡೆದ ಆ ಪಂದ್ಯದಲ್ಲಿ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಪಾಟ್ನಾದಲ್ಲಿ ಭಾರತಕ್ಕೆ ಮೊದಲನೆಯ ಗೆಲುವು ಲಭಿಸಿತು. ಮರುವರ್ಷದ ಆರಂಭದಲ್ಲಿ ನ್ಯೂಜಿಲೆಂಡಿನ ಡುನೆಡಿನ್ ಪಟ್ಟಣದಲ್ಲಿ ಶಾಂತಾ ರಂಗಸ್ವಾಮಿಯವರು 108 ಓಟಗಳನ್ನು ಗಳಿಸಿ, ಟೆಸ್ಟ್ ಪಂದ್ಯದಲ್ಲಿ ಶತಕ ಬಾರಿಸಿದ ಮೊದಲನೆಯ ಭಾರತೀಯ ಮಹಿಳೆಯಾದರು. ಆ ಕಾಲದಲ್ಲಿ ಈ ಆಟವನ್ನು ನಡೆಯಿಸುತ್ತಿದ್ದುದು 1973ರಲ್ಲಿ ಹುಟ್ಟಿದ ಮಹಿಳಾ ಕ್ರಿಕೆಟ್ ಸಂಘ. ಅದು ಧನಬಲವಿಲ್ಲದ ಸಂಘ. ಆದಾಗ್ಯೂ ವೆಸ್ಟ್ ಇಂಡೀಸ್ ತಂಡವು ಬಂದ ಆ ಒಂದೇ ಋತುವಿನಲ್ಲಿ ನಮ್ಮ ಹೆಂಗಸರು ಆರು ಟೆಸ್ಟ್ ಪಂದ್ಯಗಳನ್ನು ಆಡಿದರು.

ಈ ಆರು ಎಂಬ ಸಂಖ್ಯೆಯನ್ನು ನಮ್ಮ ವಾಚಕರು ನೆನಪಿನಲ್ಲಿಡಬೇಕು. ಮಿಥಾಲಿ ರಾಜ್ ಅವರು 1999ರಿಂದ 2022ರವರೆಗೆ ಭಾರತದ ಪರವಾಗಿ ಆಡಿದರು. 2002ರಲ್ಲಿ ಟಾಂಟನ್ ಪಟ್ಟಣದಲ್ಲಿ 214 ಓಟಗಳನ್ನು ಗಳಿಸಿದರು. ಅಂಥವರಿಗೆ ಇಷ್ಟು ದೀರ್ಘವಾದ ಕ್ರೀಡಾಜೀವನದಲ್ಲಿ ದೊರೆತ ಟೆಸ್ಟ್ ಪಂದ್ಯಗಳು ಹನ್ನೆರಡು. ಒಂದು ದಿನದ ಪಂದ್ಯಗಳನ್ನು ಅವರು 232 ಆಡಿದ್ದಾರೆಂಬುದನ್ನು ನೋಡಿದರೆ, ಅವರಲ್ಲಿ ಶಕ್ತಿಯಾಗಲಿ ಬಯಕೆಯಾಗಲಿ ಕಡಮೆಯಾಗಿತ್ತೆಂದು ಯಾರೂ ಹೇಳಲಾರರು. ಅವರಿಗಿಂತ ಒಂದು ತಲೆಮಾರು ಹಿಂದಿನವರಾದ ಶಾಂತಾ ರಂಗಸ್ವಾಮಿಯವರು ಹದಿನಾರು ಟೆಸ್ಟ್ ಪಂದ್ಯಗಳನ್ನು ಆಡಿದ್ದರು. ಬಡತನದ ಕಾಲದಲ್ಲಿ ಸಿಕ್ಕಿದ್ದು ಸಿರಿಯ ಕಾಲದಲ್ಲಿ ಸಿಕ್ಕದೆ ಹೋಯಿತು.

2006ರಲ್ಲಿ ಮಹಿಳಾ ಸಂಘವು ಭಾರತೀಯ ಕ್ರಿಕೆಟ್ ಮಂಡಳಿಯಲ್ಲಿ ಕೂಡಿಕೊಂಡಿತು. ಪ್ರಯಾಣ, ವಸತಿ, ವೇತನ ಮೊದಲಾದವುಗಳು ಉತ್ತಮವಾದವು. ಇದಕ್ಕಾಗಿ ನಾವು ಸಂತೋಷಪಡಬೇಕು. ಆದರೆ 2006ರ ಆಗಸ್ಟಿನಿಂದ 2014ರ ಆಗಸ್ಟಿನವರೆಗೆ ಭಾರತದ ಹೆಂಗಸರಿಗೆ ಒಂದೇ ಒಂದು ಟೆಸ್ಟ್ ಪಂದ್ಯವೂ ಇರಲಿಲ್ಲ. 2014ರ ನವೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿ ದಕ್ಷಿಣ ಆಫ್ರಿಕಾದ ಎದುರಿಗೆ ಪಂದ್ಯವೊಂದು ನಡೆಯಿತು. ಅದರಲ್ಲಿ ತಿರುಷ್ ಕಾಮಿನಿಯವರು 192 ಓಟಗಳನ್ನೂ ಪೂನಮ್ ರಾವುತ್ ಅವರು 130 ಓಟಗಳನ್ನೂ ಗಳಿಸಿದರು. ಭಾರತವು ಒಂದು ಸರದಿ ಮಿಗಿಸಿಕೊಂಡು ಗೆದ್ದಿತು. ಇಂಥ ಗೆಲುವಿನ ತರುವಾಯ ಏನಾಯಿತು? 2021ರ ಜೂನ್ ತಿಂಗಳವರೆಗೆ ಮತ್ತೆ ಟೆಸ್ಟ್ ಪಂದ್ಯವೇ ಇಲ್ಲ! ಮೈಸೂರಿನ ಆ ಪಂದ್ಯವನ್ನು ನೋಡಿ ಉತ್ಸಾಹಗೊಂಡ ಹತ್ತು ವರ್ಷದ ಹುಡುಗಿಯೊಬ್ಬಳು ಇದ್ದಿದ್ದರೆ, ಮುಂದಿನ ಪಂದ್ಯವು ಬರುವ ಹೊತ್ತಿಗೆ ಅವಳು ಹೈಸ್ಕೂಲನ್ನು ಮುಗಿಸಿರುತ್ತಿದ್ದಳು.

ದೊಡ್ಡವರ ಸಂಗತಿ ಹಾಗಿರಲಿ. ನಮಗೆ ಹೆಚ್ಚು ಸಂಬಂಧಪಟ್ಟದ್ದು ಶಾಲೆಯ ವಯಸ್ಸಿನವರ ಸಂಗತಿ. ನಮ್ಮ ದೇಶದಲ್ಲಿ ಹದಿನಾರು ವರ್ಷದೊಳಗಿನ ಹುಡುಗರಿಗೆ ವಿಜಯ್ ಮರ್ಚೆಂಟ್ ಟ್ರೋಫಿಯೂ ಹತ್ತೊಂಬತ್ತು ವರ್ಷದೊಳಗಿನವರಿಗೆ ಕೂಚ್ ಬೆಹಾರ್ ಟ್ರೋಫಿಯೂ ಉಂಟು. ಅವು ಹಲವು ದಿನಗಳ ಪಂದ್ಯಗಳು. ಅದೇ ವಯಸ್ಸಿನ ಹುಡುಗಿಯರಿಗಾಗಿ ನಡೆಯುವ ರಾಷ್ಟ್ರೀಯ ಪಂದ್ಯಾವಳಿಗಳು ಒಂದು ದಿನದವು, ಇಲ್ಲವೆ ಇಪ್ಪತ್ತು ಓವರುಗಳವು. ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿಯೂ ಹೀಗೆಯೇ. ಹುಡುಗರು ಐವತ್ತು ಓವರುಗಳನ್ನು ಆಡುತ್ತಾರೆ; ಹುಡುಗಿಯರು ಇಪ್ಪತ್ತನ್ನು ಆಡುತ್ತಾರೆ. ಭಾರತದ ಹುಡುಗಿಯರು ಆ ಕಪ್ಪನ್ನು 2023ರಲ್ಲಿಯೂ, ಕರ್ನಾಟಕದ ನಿಕಿ ಪ್ರಸಾದ್ ಅವರ ನಾಯಕತ್ವದಲ್ಲಿ 2025ರಲ್ಲಿಯೂ ಗೆದ್ದು ತಂದರು. ಕೊಟ್ಟ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿ ತೋರಿಸಿದವರಿಗೆ ಅದಕ್ಕಿಂತ ದೊಡ್ಡ ಕೆಲಸವನ್ನು ಕೊಡಲು ಸಂಕೋಚವೇಕೆ?

ಇಷ್ಟು ಹೇಳಿದ ಮಾತ್ರಕ್ಕೆ ನಾವು ಚಿಕ್ಕ ಪಂದ್ಯದ ವೈರಿಗಳೆಂದು ಭಾವಿಸಬಾರದು. ಅದರಿಂದ ಹೆಣ್ಣುಮಕ್ಕಳಿಗೆ ಆಗಿರುವ ಉಪಕಾರವು ದೊಡ್ಡದು. 2023ರಲ್ಲಿ ಆರಂಭವಾದ ಮಹಿಳೆಯರ ಪ್ರೀಮಿಯರ್ ಲೀಗಿನಿಂದ ಕ್ರಿಕೆಟ್ ಆಟವು ಹೆಂಗಸರಿಗೂ ಜೀವನೋಪಾಯವಾಗಬಲ್ಲದೆಂದು ಸಿದ್ಧವಾಯಿತು. ಸ್ಮೃತಿ ಮಂಧಾನ ಅವರನ್ನು ಬೆಂಗಳೂರಿನ ತಂಡವು 3 ಕೋಟಿ 40 ಲಕ್ಷ ರೂಪಾಯಿಗಳಿಗೆ ಪಡೆದುಕೊಂಡಿತು. 2024ರ ಮಾರ್ಚ್ 17ರಂದು ಅದೇ ತಂಡವು ದೆಹಲಿಯಲ್ಲಿ ಕಪ್ಪನ್ನು ಗೆದ್ದಿತು. ಅಂದು ನಮ್ಮ ಊರಿನ ಶ್ರೇಯಾಂಕಾ ಪಾಟೀಲ್ ಅವರು ಹನ್ನೆರಡೇ ಓಟಗಳನ್ನು ಕೊಟ್ಟು ನಾಲ್ಕು ವಿಕೆಟ್ಟುಗಳನ್ನು ಪಡೆದರು. ಆ ರಾತ್ರಿ ಚಾಮರಾಜಪೇಟೆಯ ಮನೆಗಳಲ್ಲಿ ಮಗಳು ಬ್ಯಾಟು ಹಿಡಿಯುವುದನ್ನು ಬೇಡವೆನ್ನುತ್ತಿದ್ದ ತಂದೆತಾಯಿಗಳು ಕೆಲವರಾದರೂ ಮನಸ್ಸು ಬದಲಾಯಿಸಿರಬಹುದು. 2028ರಲ್ಲಿ ಲಾಸ್ ಏಂಜಲಿಸ್ ನಗರದ ಒಲಿಂಪಿಕ್ಸಿನಲ್ಲಿ ಕ್ರಿಕೆಟ್ಟಿಗೆ ಸ್ಥಳ ದೊರೆತಿರುವುದೂ ಇಪ್ಪತ್ತು ಓವರುಗಳ ಪಂದ್ಯದಿಂದಲೇ. ಹೀಗಿರುವುದರಿಂದ ಚಿಕ್ಕ ಪಂದ್ಯದ ಭವಿಷ್ಯದ ಬಗ್ಗೆ ಯಾರೂ ಚಿಂತಿಸಬೇಕಾದ್ದಿಲ್ಲ. ಅದನ್ನು ಕಾಯುವುದಕ್ಕೆ ಹಣವುಂಟು, ಜನವುಂಟು. ಕಾಯುವವರಿಲ್ಲದಿರುವುದು ದೀರ್ಘ ಪಂದ್ಯಕ್ಕೆ.

ಅದನ್ನು ಕಾಯುವುದರಿಂದ ಏನು ಫಲವೆಂದು ಕೇಳಬಹುದು. 2025ರ ಅಕ್ಟೋಬರ್ 30ರಂದು ವಿಶ್ವಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ಆಸ್ಟ್ರೇಲಿಯಾದವರು 338 ಓಟಗಳನ್ನು ಗಳಿಸಿದ್ದರು. ಜೆಮಿಮಾ ರೋಡ್ರಿಗಸ್ ಅವರು ಔಟಾಗದೆ 127 ಓಟಗಳನ್ನು ಗಳಿಸಿ ಭಾರತವನ್ನು ದಡ ಮುಟ್ಟಿಸಿದರು. ಅದಕ್ಕಾಗಿ ಅವರು ಎದುರಿಸಿದ ಎಸೆತಗಳು 134. ಇಪ್ಪತ್ತು ಓವರುಗಳ ಸರದಿಯಲ್ಲಿ ಇಡೀ ತಂಡಕ್ಕೆ ದೊರೆಯುವ ಎಸೆತಗಳೇ 120 ಎಂಬುದನ್ನು ಎಣಿಸಿಕೊಂಡರೆ, ಅಂಥ ಆಟಕ್ಕೆ ಅಲ್ಲಿ ಸ್ಥಳವೇ ಇಲ್ಲವೆಂಬುದು ತಿಳಿಯುತ್ತದೆ. ಬೌಲಿಂಗಿನಲ್ಲಿಯೂ ಹಾಗೆಯೇ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆಯವರು 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ ತಾವೊಬ್ಬರೇ ಪಡೆದದ್ದನ್ನು ನಮ್ಮ ಊರು ಮರೆತಿಲ್ಲ. ಆ ಸರದಿಯಲ್ಲಿ ಅವರು ಇಪ್ಪತ್ತಾರು ಓವರುಗಳಿಗೂ ಮಿಕ್ಕಿ ಚೆಂಡೆಸೆದರು. ಚಿಕ್ಕ ಪಂದ್ಯದಲ್ಲಿ ಒಬ್ಬರಿಗೆ ನಾಲ್ಕೇ ಓವರುಗಳು. ನಾಲ್ಕು ಓವರುಗಳಲ್ಲಿ ಓಟಗಳನ್ನು ಬಿಟ್ಟುಕೊಡದಿರುವುದನ್ನು ಕಲಿಯಬಹುದು. ಒಬ್ಬಳು ಎದುರಾಳಿಯ ದೌರ್ಬಲ್ಯವನ್ನು ಗಂಟೆಗಟ್ಟಲೆ ಗಮನಿಸಿ, ಬಲೆ ಹೆಣೆದು, ಅವಳನ್ನು ಔಟು ಮಾಡುವ ವಿದ್ಯೆಯನ್ನು ಅಷ್ಟರಲ್ಲಿ ಕಲಿಯಲಾಗುವುದಿಲ್ಲ.

ದೀರ್ಘ ಪಂದ್ಯವನ್ನು ಆಡಿದವರು ಬೀಸಿ ಹೊಡೆಯುವುದನ್ನು ಮರೆಯುತ್ತಾರೆಂಬ ಭಯವೂ ಬೇಡ. ಶೆಫಾಲಿ ವರ್ಮಾ ಅವರಷ್ಟು ಬಿರುಸಾಗಿ ಆಡುವವರು ವಿರಳ. ಅವರೇ 2024ರ ಜೂನಿನಲ್ಲಿ ಚೆನ್ನೈ ಟೆಸ್ಟ್ ಪಂದ್ಯದಲ್ಲಿ 205 ಓಟಗಳನ್ನು ಗಳಿಸಿದರು. ಭಾರತವು ಆರು ವಿಕೆಟ್ಟುಗಳಿಗೆ 603 ಓಟಗಳನ್ನು ಮಾಡಿತು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತವು ದಕ್ಷಿಣ ಆಫ್ರಿಕಾವನ್ನು ಸೋಲಿಸಿ ವಿಶ್ವಕಪ್ಪನ್ನು ಗೆದ್ದಾಗ, 87 ಓಟಗಳನ್ನು ಗಳಿಸಿ ಎರಡು ವಿಕೆಟ್ಟುಗಳನ್ನೂ ಪಡೆದವರು ಅವರೇ. ಉಂಡವನಿಗೆ ಓಡಲು ಬಲವಿರುವಂತೆ, ದೀರ್ಘ ಪಂದ್ಯದಲ್ಲಿ ಪಳಗಿದವರಿಗೆ ಚಿಕ್ಕದರಲ್ಲಿಯೂ ಬಲವುಂಟು.

ಈ ಅಭಿಪ್ರಾಯಕ್ಕೆ ಎದುರಾಗಿ ಹೇಳುವ ಮಾತುಗಳನ್ನೂ ನಾವು ಕೇಳಿದ್ದೇವೆ. ಹೆಂಗಸರ ದೇಹಕ್ಕೆ ಇಷ್ಟು ಶ್ರಮ ತಡೆಯದೆಂಬುದು ಒಂದು. ಹೆಂಗಸರ ಟೆಸ್ಟ್ ಪಂದ್ಯವು ಸಾಮಾನ್ಯವಾಗಿ ನಾಲ್ಕು ದಿನಗಳದು. ದಿನಕ್ಕೆ ನೂರು ಓವರುಗಳಂತೆ ನಾನೂರು ಓವರುಗಳು. ಗಂಡಸರದು ಐದು ದಿನ. ದಿನಕ್ಕೆ ತೊಂಬತ್ತರಂತೆ ನಾನೂರೈವತ್ತು. ಒಂದು ದಿನದಲ್ಲಿ ಗಂಡಸರಿಗಿಂತ ಹತ್ತು ಓವರು ಹೆಚ್ಚಾಗಿಯೇ ಎಸೆಯಬೇಕಾದವರನ್ನು ಅಬಲೆಯರೆನ್ನುವುದು ಹೇಗೆ? ದೀರ್ಘ ಪಂದ್ಯಕ್ಕೆ ಜನ ಸೇರುವುದಿಲ್ಲವೆಂಬುದು ಇನ್ನೊಂದು. ಇದು ನಿಜ. ಆದರೆ ಜನಸಂದಣಿಯೊಂದನ್ನೇ ಆಟದ ಅಳತೆಗೋಲನ್ನಾಗಿ ಮಾಡಿಕೊಳ್ಳುವುದು ಕ್ಷೇಮವಲ್ಲವೆಂದು ನಮ್ಮ ನಗರವು ಬಹಳ ದುಃಖದಿಂದ ಕಲಿತಿದೆ. 2025ರ ಜೂನ್ 4ರಂದು ಗೆಲುವಿನ ಉತ್ಸವದ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣವನ್ನು ಕಳೆದುಕೊಂಡರು. ಆ ಬಳಿಕ ಹೆಂಗಸರ ವಿಶ್ವಕಪ್ಪಿನ ಬೆಂಗಳೂರಿನ ಪಂದ್ಯಗಳು ಬೇರೆ ಊರುಗಳಿಗೆ ಹೋದವು. ಶಾಲೆಯ ಆಟಕ್ಕಂತೂ ಟಿಕೆಟಿನ ಹಣವೂ ಬೇಡ, ಸಾವಿರಾರು ನೋಟಕರೂ ಬೇಡ.

ಸಂಭಾವನೆಯಲ್ಲಿ ಸಮಾನತೆಯು ಬಂದಿದೆಯಲ್ಲ, ಇನ್ನೇನು ಬೇಕು ಎನ್ನುವವರೂ ಉಂಟು. 2022ರ ಅಕ್ಟೋಬರಿನಲ್ಲಿ ಮಂಡಳಿಯು ಹೆಂಗಸರಿಗೂ ಗಂಡಸರಷ್ಟೇ ಸಂಭಾವನೆಯನ್ನು ಗೊತ್ತುಮಾಡಿತು. ಟೆಸ್ಟ್ ಪಂದ್ಯಕ್ಕೆ 15 ಲಕ್ಷ, ಒಂದು ದಿನದ ಪಂದ್ಯಕ್ಕೆ 6 ಲಕ್ಷ, ಇಪ್ಪತ್ತು ಓವರುಗಳ ಪಂದ್ಯಕ್ಕೆ 3 ಲಕ್ಷ ರೂಪಾಯಿಗಳು. ಇದು ಶ್ಲಾಘ್ಯವಾದ ಕಾರ್ಯವೇ ಸರಿ. ಆದರೆ ಅತಿ ಹೆಚ್ಚು ಸಂಭಾವನೆಯುಳ್ಳ ಪಂದ್ಯವೇ ಅತಿ ವಿರಳವಾಗಿದ್ದರೆ ಆ ಸಮಾನತೆಯಲ್ಲಿ ಬಹುಭಾಗವು ಕಾಗದದ ಮೇಲೆಯೇ ಉಳಿಯುತ್ತದೆ. 2024ರಲ್ಲಿ ಮಂಡಳಿಯು ವಲಯಗಳ ನಡುವಣ ಮೂರು ದಿನಗಳ ಪಂದ್ಯಗಳನ್ನು ಹೆಂಗಸರಿಗಾಗಿ ಪುಣೆಯಲ್ಲಿ ಮತ್ತೆ ನಡೆಯಿಸಿತು. ಈ ಹೆಜ್ಜೆಯು ಸರಿಯಾದ ದಾರಿಯಲ್ಲಿದೆ. ಆದರೆ ಬೇರಿಗೆ ನೀರೆರೆಯದೆ ಕೊಂಬೆಗೆ ಎರೆದರೆ ಮರವು ಉಳಿಯುವುದಿಲ್ಲ. ಶಾಲೆಯಲ್ಲಿ ದೀರ್ಘ ಪಂದ್ಯವನ್ನು ಕಾಣದವಳು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಆದಕಾರಣ ನಮ್ಮ ಸೂಚನೆಯಿದು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಬಾಲಿಕಾ ಶಾಲೆಗಳು ವರ್ಷಕ್ಕೊಂದು ಸಲವಾದರೂ ಎರಡೆರಡು ಸರದಿಗಳ ಪಂದ್ಯವನ್ನು ಆಡಿಸಬೇಕು. ಭಾನುವಾರವು ನಮ್ಮಂಥ ಶಾಲೆಗಳಲ್ಲಿ ಪಂದ್ಯಕ್ಕೆ ತಕ್ಕ ದಿನವಲ್ಲ. ಆದುದರಿಂದ ಒಂದರ ಹಿಂದೊಂದು ಬರುವ ಎರಡು ಶನಿವಾರಗಳನ್ನು ಇದಕ್ಕಾಗಿ ತೆಗೆದಿಡಬಹುದು. ಮೊದಲನೆಯ ಶನಿವಾರ ಎರಡು ಪಕ್ಷಗಳ ಮೊದಲನೆಯ ಸರದಿ. ದಿನವು ಸಾಲುವಂತೆ ಸರದಿಗೆ ಮೂವತ್ತೈದು ಓವರುಗಳ ಮಿತಿಯಿರಲಿ. ಎರಡನೆಯ ಶನಿವಾರ ಎರಡನೆಯ ಸರದಿ. ಅಲ್ಲಿ ಓವರುಗಳ ಮಿತಿ ಬೇಡ, ಹೊತ್ತಿನ ಮಿತಿಯೊಂದೇ ಸಾಕು. ಬೆಳಗ್ಗೆ ಒಂಬತ್ತಕ್ಕೆ ಆರಂಭಿಸಿ ಸಂಜೆ ನಾಲ್ಕೂವರೆಗೆ ನಿಲ್ಲಿಸಿದರೆ ಹುಡುಗಿಯರು ದೀಪ ಹಚ್ಚುವ ಹೊತ್ತಿಗೆ ಮುಂಚೆಯೇ ಮನೆ ಸೇರುತ್ತಾರೆ. ಪರೀಕ್ಷೆಗಳು ಹತ್ತಿರ ಬರುವುದಕ್ಕೆ ಮೊದಲು, ಮಳೆ ನಿಂತು ಬಿಸಿಲು ಹಿತವಾಗಿರುವ ಡಿಸೆಂಬರ್ ತಿಂಗಳು ಇದಕ್ಕೆ ಅನುಕೂಲ. ಮೈದಾನವುಳ್ಳ ಶಾಲೆಯು ಮೈದಾನವಿಲ್ಲದ ಶಾಲೆಗೆ ಎಡೆಗೊಡಬೇಕು. 1892ರಲ್ಲಿ ಚಾಮರಾಜಪೇಟೆಯನ್ನೂ, 1898ರ ಪ್ಲೇಗಿನ ತರುವಾಯ ಬಸವನಗುಡಿ ಮಲ್ಲೇಶ್ವರಗಳನ್ನೂ ಯೋಜನೆ ಹಾಕಿ ಕಟ್ಟಿದಾಗ ಬಯಲಿಗೆ ಬರವಿರಲಿಲ್ಲ, ಈಗ ಬರವಿದೆ. ಇರುವುದನ್ನು ಹಂಚಿಕೊಂಡರೆ ಮಾತ್ರ ಎಲ್ಲರಿಗೂ ಸಿಕ್ಕೀತು. ಅಂಪೈರುಗಳನ್ನು ಒದಗಿಸಿಕೊಡಬೇಕೆಂದು ರಾಜ್ಯ ಕ್ರಿಕೆಟ್ ಸಂಸ್ಥೆಯನ್ನು ಶಾಲೆಗಳೆಲ್ಲ ಒಟ್ಟಾಗಿ ಕೇಳಿಕೊಳ್ಳಬಹುದು.

ಎರಡು ಶನಿವಾರಗಳ ನಡುವಣ ಒಂದು ವಾರವೇ ಈ ಪಂದ್ಯದ ದೊಡ್ಡ ಲಾಭವೆಂದು ನಾವು ಎಣಿಸುತ್ತೇವೆ. ಮೊದಲನೆಯ ದಿನ ಒಂದೂ ಓಟ ಗಳಿಸದೆ ಔಟಾದ ಹುಡುಗಿಗೆ ಆಟವು ಅಲ್ಲಿಗೇ ಮುಗಿಯಲಿಲ್ಲ. ತಾನು ಏಕೆ ಔಟಾದೆನೆಂದು ಅವಳು ಆರು ದಿನ ಯೋಚಿಸಬಹುದು, ಅಭ್ಯಾಸ ಮಾಡಬಹುದು, ಮತ್ತೆ ಕಣಕ್ಕಿಳಿಯಬಹುದು. ಚಿಕ್ಕ ಪಂದ್ಯವು ಅವಳಿಗೆ ಈ ಎರಡನೆಯ ಅವಕಾಶವನ್ನು ಕೊಡುವುದಿಲ್ಲ. ಹಿಂದೆ ಬಿದ್ದ ಪಕ್ಷದ ನಾಯಕಿಯು ಸೋಲನ್ನು ತಪ್ಪಿಸಿಕೊಳ್ಳುವುದು ಹೇಗೆಂದು ಲೆಕ್ಕ ಹಾಕಬಹುದು. ಕೊನೆಗೆ ಪಂದ್ಯವು ಗೆಲುವು ಸೋಲುಗಳಿಲ್ಲದೆ ಮುಗಿದರೂ ಅದು ವ್ಯರ್ಥವಲ್ಲ. ಭಾರತದ ಹೆಂಗಸರ ಮೊದಲನೆಯ ಟೆಸ್ಟ್ ಪಂದ್ಯವೂ ಹಾಗೆಯೇ ಮುಗಿದಿತ್ತು.

ತಂದೆತಾಯಂದಿರಲ್ಲಿ ನಮ್ಮ ವಿಜ್ಞಾಪನೆಯೊಂದುಂಟು. ಮಗನು ದಿನವೆಲ್ಲ ಮೈದಾನದಲ್ಲಿದ್ದರೆ ಅಭ್ಯಾಸವೆನ್ನುತ್ತೇವೆ. ಮಗಳು ಇದ್ದರೆ ಕಾಲಹರಣವೆನ್ನುತ್ತೇವೆ. ಹೆಣ್ಣುಮಕ್ಕಳ ಆಟವನ್ನು ಚಿಕ್ಕದಾಗಿಸಿರುವುದು ಮಂಡಳಿಯ ವೇಳಾಪಟ್ಟಿಯೊಂದೇ ಅಲ್ಲ. ನಮ್ಮ ಮನೆಗಳ ಗಡಿಯಾರವೂ ಅದರಲ್ಲಿ ಪಾಲುಗೊಂಡಿದೆ. ವರ್ಷದಲ್ಲಿ ಎರಡು ಶನಿವಾರಗಳಂದು ಆ ಗಡಿಯಾರವನ್ನು ನೋಡದೆ ಇರಲು ಸಾಧ್ಯವೇ ಎಂದು ಅವರು ಆಲೋಚಿಸಲಿ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಮುಂದೆ ಕ್ರಿಕೆಟ್ಟನ್ನೇ ಆಡುತ್ತಿರುವಿರೆಂದು ನಾವು ತಿಳಿದಿಲ್ಲ. ಒಬ್ಬಿಬ್ಬರು ಆಡಿದರೂ ಆಡಬಹುದು; ಉಳಿದವರು ವೈದ್ಯರಾಗುವಿರಿ, ಉಪಾಧ್ಯಾಯಿನಿಯರಾಗುವಿರಿ, ಸಂಸಾರವನ್ನು ನಡೆಯಿಸುವಿರಿ. ಆ ಕೆಲಸಗಳಲ್ಲಿ ಯಾವುದೂ ಮೂರು ಗಂಟೆಗಳಲ್ಲಿ ಮುಗಿಯತಕ್ಕದ್ದಲ್ಲ. ಇಪ್ಪತ್ತು ಓವರುಗಳ ಪಂದ್ಯವನ್ನು ಸಂತೋಷದಿಂದ ಆಡಿರಿ. ಆದರೆ ಹೆಣ್ಣುಮಕ್ಕಳಿಗೆ ಇಷ್ಟು ಸಾಕೆಂದು ಯಾರಾದರೂ ಹೇಳಿದರೆ ವಿನಯದಿಂದಲೇ ಒಪ್ಪದಿರಿ, ಎರಡನೆಯ ಸರದಿಯನ್ನು ಕೇಳಿರಿ. ಅದನ್ನು ಒದಗಿಸಿಕೊಡುವ ಹೊಣೆಯು ದೊಡ್ಡವರಾದ ನಮ್ಮದು. ಬರುವ ಡಿಸೆಂಬರಿನೊಳಗಾಗಿ ನಮ್ಮ ನೆರೆಯ ಶಾಲೆಗಳಲ್ಲಿ ಒಂದಾದರೂ ನಮ್ಮ ಶಾಲೆಯೊಡನೆ ಇಂಥ ಪಂದ್ಯಕ್ಕೆ ಮುಂದೆ ಬರುವುದೆಂದು ಹಾರೈಸುತ್ತೇವೆ.